ತೌಡಿನ ಸರಕು, ಗೋವಿನಜೋಳದ ಬಂಡಿ

ಹನುಮಸಾಗರದಲ್ಲಿ ಪಿಯು, ಡಿಗ್ರಿ ಓದುತ್ತಿರುವ ತಮ್ಮಂದಿರೇ, ತಂಗಿಯರೇ, ಗಂಗಾವತಿ, ಕಾರಟಗಿ ಕಡೆ ಹೋದಾಗ ಅಕ್ಕಿ ಗಿರಣಿಗಳ ಮುಂದೆ ತೌಡಿನ ಚೀಲಗಳು ಲಾರಿ ಏರುವುದನ್ನು ನೀವು ನೋಡಿರುತ್ತೀರಿ. ದನಕ್ಕೆ ಹಾಕುವ ಆ ತೌಡಿನಲ್ಲಿ ನೂರಕ್ಕೆ 15ರಿಂದ 20 ಪಾಲು ಎಣ್ಣೆಯಿದೆ. ಆ ಎಣ್ಣೆಯಲ್ಲಿ ಸಸ್ಯ ಸ್ಟೆರಾಲ್ ಎಂಬ ಮೇಣದಂಥ ವಸ್ತುವಿದೆ. ನಮ್ಮ ಶೇಂಗಾ, ಕುಸುಬಿ, ಎಳ್ಳಿನಲ್ಲೂ ಇದೆ. ಸಜ್ಜೆ ರೊಟ್ಟಿಗೆ ಗುರೆಳ್ಳು ಹಿಂಡಿ ಹಚ್ಚಿಕೊಂಡು ತಿಂದವರೆಲ್ಲರ ಹೊಟ್ಟೆಗೂ ಅದು ಇಳಿದಿದೆ.

ಈ ಸ್ಟೆರಾಲ್ ನೋಡಲು ಕೊಲೆಸ್ಟ್ರಾಲಿನ ಅಣ್ಣತಮ್ಮನಂತೆ. ಕರುಳಿನಲ್ಲಿ ಕೊಲೆಸ್ಟ್ರಾಲ್ ರಕ್ತದ ದಾರಿ ಹಿಡಿಯಬೇಕಾದರೆ ಪಿತ್ತರಸದ ಸಣ್ಣ ಹನಿಗಳಲ್ಲಿ ಜಾಗ ಸಿಗಬೇಕು. ಸ್ಟೆರಾಲ್ ಮೊದಲೇ ಆ ಜಾಗ ಹಿಡಿದರೆ ಕೊಲೆಸ್ಟ್ರಾಲಿನ ಒಂದು ಪಾಲು ಒಳಗೆ ಸೇರದೆ ಹೊರಗೆ ಹೋಗುತ್ತದೆ. ದಿನಕ್ಕೆ ಸುಮಾರು 2 ಗ್ರಾಂ ಸೇವಿಸಿದವರ ರಕ್ತದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ನೂರಕ್ಕೆ 8ರಿಂದ 10ರಷ್ಟು ಇಳಿಯುತ್ತದೆ. ದಿನದ ಊಟದಲ್ಲಿ ಅಷ್ಟು ಸಿಗುವುದಿಲ್ಲ, ಹೊರಗಿನಿಂದ ಸೇರಿಸಬೇಕು. ತೊಡಕು ಇರುವುದು ಅಲ್ಲೇ. ಅದು ನೀರಿನಲ್ಲಿ ಕರಗದು, ಎಣ್ಣೆಯಲ್ಲೂ ಸರಿಯಾಗಿ ಕರಗದು. ಹರಳುಗಟ್ಟಿ ಕುಳಿತು, ಕೆಲಸ ಮಾಡದೆಯೇ ಹೊರಬೀಳುತ್ತದೆ.

ಫಿನ್ಲೆಂಡಿನ ರೈಸಿಯೊ ಕಂಪನಿಯವರು ಇದೇ ಬಗೆಯ ವಸ್ತುವನ್ನು ಕಾಗದದ ಕಾರ್ಖಾನೆಗಳಲ್ಲಿ ಮರದ ತಿರುಳಿನಿಂದ ಉಳಿಯುವ ಎಣ್ಣೆಯಿಂದ ತೆಗೆದರು. ಕೊಬ್ಬಿನಲ್ಲಿ ಕರಗುವಂತೆ ಮಾರ್ಪಡಿಸಿ 1995ರಲ್ಲಿ ಬೆನೆಕಾಲ್ ಎಂಬ ಮಾರ್ಗರಿನ್ ಮಾರುಕಟ್ಟೆಗೆ ತಂದರು. ಉಳಿಕೆ ಎಂದು ಬಿಟ್ಟದ್ದೇ ಅವರಿಗೆ ಸರಕಾಯಿತು. ಆದರೆ ಕೊಬ್ಬು ತೀರಾ ಕಡಿಮೆಯಿರುವ ಅಂಬಲಿಗೆ, ಮಜ್ಜಿಗೆಗೆ ಇದನ್ನು ಬೆರೆಸುವುದು ಹೇಗೆ? ಇದು ನಮ್ಮ ಪ್ರಶ್ನೆ. ನಾವೇ ಉತ್ತರ ಹುಡುಕಬೇಕು.

ಉತ್ತರದ ಒಂದು ತುದಿ ನಿಮ್ಮ ಹೊಲದಲ್ಲೇ ಇದೆ. ಗೋವಿನಜೋಳದಲ್ಲಿ ಜೀನ್ (zein) ಎಂಬ ಪ್ರೋಟೀನ್ ಇದೆ. ಅದು ಬರೀ ನೀರಿನಲ್ಲಿ ಕರಗುವುದಿಲ್ಲ, ನೀರು ಬೆರೆತ ಆಲ್ಕೋಹಾಲಿನಲ್ಲಿ ಕರಗುತ್ತದೆ. ಅದರೊಂದಿಗೆ ಸ್ಟೆರಾಲನ್ನೂ ಕರಗಿಸಿ, ಆ ದ್ರಾವಣವನ್ನು ಜೋರಾಗಿ ತಿರುಗುವ ನೀರಿಗೆ ಸುರಿದರೆ ಜೀನ್ ಸಣ್ಣ ಉಂಡೆಗಳಾಗಿ ಸುತ್ತಿಕೊಂಡು ಸ್ಟೆರಾಲನ್ನು ಒಡಲಲ್ಲಿ ಹಿಡಿದಿಟ್ಟುಕೊಳ್ಳುತ್ತದೆ. ಒಂದು ಉಂಡೆ ಕೂದಲೆಳೆಯ ದಪ್ಪದ ನೂರನೇ ಒಂದು ಪಾಲಿಗಿಂತಲೂ ಸಣ್ಣದು. ಅಮೆರಿಕದ ನೆಬ್ರಾಸ್ಕ, ಅದೂ ಗೋವಿನಜೋಳದ ಸೀಮೆ. ಅಲ್ಲಿನ ವಿಶ್ವವಿದ್ಯಾಲಯದವರು ಪಿಷ್ಟವನ್ನು ಸ್ಪಂಜಿನಂತೆ ಒಣಗಿಸಿ ಅದರ ನ್ಯಾನೊ ರಂಧ್ರಗಳಲ್ಲಿ ಸ್ಟೆರಾಲ್ ತುಂಬಿಸಿದರು. ಅಷ್ಟು ಇಕ್ಕಟ್ಟಿನಲ್ಲಿ ದೊಡ್ಡ ಹರಳು ಬೆಳೆಯಲಾರದು.

ಒಂದು ಎಚ್ಚರಿಕೆ, ಇದನ್ನು ನಾನು ಒತ್ತಿ ಹೇಳುತ್ತೇನೆ. ಸ್ಟೆರಾಲ್ ಕರುಳಿನಲ್ಲಿ ಚೆನ್ನಾಗಿ ಕರಗಬೇಕು, ರಕ್ತಕ್ಕೆ ಮಿತಿಮೀರಿ ನುಗ್ಗಬಾರದು. ಒಳಗೆ ಬಂದದ್ದರಲ್ಲಿ ಬಹುಪಾಲನ್ನು ಕರುಳಿನ ಕೋಶಗಳೇ ಹಿಂದಕ್ಕೆ ತಳ್ಳುತ್ತವೆ. ಆ ಶಕ್ತಿ ಹುಟ್ಟಿನಿಂದಲೇ ಕೆಟ್ಟಿರುವ ಅಪರೂಪದ ಕಾಯಿಲೆಯೊಂದಿದೆ, ಅಂಥವರ ರಕ್ತನಾಳಗಳು ಚಿಕ್ಕ ವಯಸ್ಸಿನಲ್ಲೇ ಹಾಳಾಗುತ್ತವೆ. ಆದ್ದರಿಂದ ನ್ಯಾನೊ ಎಂಬ ಹೆಸರಿಗೆ ಮರುಳಾಗುವವರು ಈ ಕೆಲಸಕ್ಕೆ ಬೇಡ. ಅಳೆದು, ಮತ್ತೊಮ್ಮೆ ಅಳೆದು ನೋಡುವವರು ಬೇಕು. ನಿಮ್ಮ ಅಪ್ಪ, ಅಜ್ಜಿ ತಿನ್ನುವ ಊಟದ ಮಾತಿದು.

ದೂರದ ಕನಸೆಂದು ಕೈಬಿಡಬೇಡಿ. ಮೈಸೂರಿನ ಸಿಎಫ್‌ಟಿಆರ್‌ಐ 1950ರಿಂದ ಆಹಾರದ ಮೇಲೆ ಸಂಶೋಧನೆ ನಡೆಸುತ್ತಿದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯದ ಕೃಷಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ನ್ಯಾನೊ ತಂತ್ರಜ್ಞಾನ ಕೇಂದ್ರವೇ ಇದೆ. 1997ರವರೆಗೆ ನಮ್ಮದೇ ಜಿಲ್ಲೆಯಾಗಿದ್ದ ರಾಯಚೂರು ಅದು! ಕೃಷಿ ಕೋರ್ಸುಗಳಿಗೆ ಸಿಇಟಿಯಲ್ಲಿ ರೈತರ ಮಕ್ಕಳಿಗೆ ಬೇರೆ ಕೋಟಾ ಇದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆ. ಎರೆಹೊಲದಲ್ಲಿ ಎಡೆ ಹೊಡೆದು, ಬೀಜ ಕೈಯಲ್ಲಿ ಹಿಡಿದು ಬೆಳೆದ ನೀವು ಅಲ್ಲಿ ಹಿಂಜರಿಯುವುದೇಕೆ?

ರಸಾಯನಶಾಸ್ತ್ರ ಕಷ್ಟವೆಂದು ಬಿಡಬೇಡಿ, ಹಿಡಿಯಿರಿ. ಗಿರಣಿಗೆ ಹೋಗಿ ತೌಡು ಎಷ್ಟು ಹೊತ್ತಿಗೆ ಕಮಟು ವಾಸನೆ ಹಿಡಿಯುತ್ತದೆಂದು ಕೇಳಿ. ಗಿರಣಿಯಿಂದ ಹೊರಬಿದ್ದ ಕೆಲವೇ ಗಂಟೆಗಳಲ್ಲಿ ಅದರ ಎಣ್ಣೆ ಕೆಡತೊಡಗುತ್ತದೆ, ಬಿಸಿ ಹಾಯಿಸಿದರೆ ತಡೆಯಬಹುದು. ಬಂದ ಉತ್ತರವನ್ನು ನೋಟ್‌ಬುಕ್ಕಿನಲ್ಲಿ ತಾರೀಕು ಹಾಕಿ ಬರೆದಿಡಿ. ನಾಳೆ ಇನ್ನೊಂದು ಗಿರಣಿಗೆ ಹೋಗಿ.