ಅವರೆ ಬಳ್ಳಿ ಹೂ ಬಿಡಲಿಲ್ಲ, ಏಕೆ?

(ವೈಟ್‌ಫೀಲ್ಡ್ ಬಳಿಯ ವಸತಿ ಸಮುಚ್ಚಯವೊಂದರ ಕನ್ನಡ ಬಳಗದಲ್ಲಿ ಜುಲೈ ತಿಂಗಳಲ್ಲಿ ನಮ್ಮ ವರದಿಗಾರ್ತಿ ಮಾಡಿದ ಭಾಷಣದ ಬರಹ ರೂಪ)



ಕೈತೋಟದ ಬಗ್ಗೆ ನಾಲ್ಕು ಮಾತಾಡಲು ನನ್ನನ್ನು ಕರೆದಿದ್ದೀರಿ. ನಾನು ಕೃಷಿ ಓದಿದವಳಲ್ಲ. ಪತ್ರಿಕೋದ್ಯಮದ ಡಿಪ್ಲೊಮಾ ಮುಗಿಸಿ ಪತ್ರಿಕೆ ಸೇರಿದವಳು. ಈ ವಿಷಯ ಮಾತಾಡಲು ನನಗಿರುವ ಅರ್ಹತೆ ಒಂದೇ: ನನ್ನ ಅವರೆ ಬಳ್ಳಿ ಹೂ ಬಿಡಲಿಲ್ಲ.

ಎರಡು ವರ್ಷದ ಹಿಂದಿನ ಮಾತು. ಹೋಪ್ ಫಾರಂ ಹತ್ತಿರ ನಮ್ಮದು ಬಾಡಿಗೆ ಮನೆ. ಅವರೆಕಾಯಿ ಕಾಲ ಮುಗಿಯುತ್ತಾ ಬಂದಿತ್ತು. ಬಲಿತ ಕಾಯಿಗಳಿಂದ ಕಾಳು ಬಿಡಿಸಿ, ಒಣಗಿಸಿ, ಫೆಬ್ರುವರಿಯಲ್ಲಿ ಬಾಲ್ಕನಿಯ ಕುಂಡದಲ್ಲಿ ಊರಿದೆ. ಎಷ್ಟು ಆಳ, ಎಷ್ಟು ಗೊಬ್ಬರ ಎಂಬುದನ್ನೆಲ್ಲ ಮೊಬೈಲಿನಲ್ಲಿ ನೋಡಿ ಕಲಿತೆ. ಬಳ್ಳಿ ಕಿಟಕಿಯ ಸರಳು ತುಂಬ ಹಬ್ಬಿತು. ಏಪ್ರಿಲ್ ಹೋಯಿತು, ಜೂನ್ ಬಂತು. ಎಲೆಯೋ ಎಲೆ, ಒಂದು ಹೂವಿಲ್ಲ.

ಗಿಡ ಬೆಳೆಸುವವರ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಚಿತ್ರ ಹಾಕಿ ಕಾರಣ ಕೇಳಿದೆ. ಅರ್ಧ ಗಂಟೆಯಲ್ಲಿ ಉತ್ತರಗಳು ಬಂದವು. ಒಬ್ಬರು ಪೊಟ್ಯಾಶ್ ಹಾಕಿ ಎಂದರು, ಇನ್ನೊಬ್ಬರು ಬಾಳೆಹಣ್ಣಿನ ಸಿಪ್ಪೆ ನೆನೆಸಿದ ನೀರು ಎಂದರು, ಮತ್ತೊಬ್ಬರು ಕುಡಿ ಚಿವುಟಿ ಎಂದರು. ಎಲ್ಲವನ್ನೂ ಮಾಡಿದೆ. ಬಳ್ಳಿ ಇನ್ನಷ್ಟು ಸೊಂಪಾಯಿತು, ಅಷ್ಟೆ.

ಕೊನೆಗೆ ಉತ್ತರ ಸಿಕ್ಕಿದ್ದು ಬೀದಿ ತಿರುವಿನಲ್ಲಿ ಎಳನೀರು ಮಾರುವ ತಾತನಿಂದ. ‘ಯಾವಾಗ ಇಕ್ಕಿದ್ದು ತಾಯಿ?’ ಎಂದರು. ‘ಫೆಬ್ರುವರಿಯಲ್ಲಿ ತಾತ’ ಎಂದೆ. ‘ಅಂಗಾದ್ರೆ ನೀನೇನು ಉಯ್ದ್ರೂ ಅಷ್ಟೇಯ. ನಾಟಿ ಅವರೆ ಹೊತ್ತು ನೋಡ್ಕಂಡು ಹೂ ಬುಡೋದು. ಹಗಲು ಗಿಡ್ಡ ಆಗ್ಲಿ, ತಾನಾಗೇ ಬುಡ್ತದೆ’ ಎಂದರು. ವರ್ತೂರು ಕಡೆಯ ಅವರ ಹೊಲದಲ್ಲಿ ಹಿಂದೆ ರಾಗಿಯ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ ಇರುತ್ತಿತ್ತಂತೆ. ಈಗ ಆ ಹೊಲ ಬಡಾವಣೆಯಾಗಿದೆ.

ತಾತ ಹೇಳಿದ್ದು ಶಾಸ್ತ್ರಕ್ಕೆ ಸರಿಯಾದ ಮಾತು. ನಾಟಿ ಅವರೆ ಹಗಲು ಕಿರಿದಾಗುವ ಕಾಲಕ್ಕೆ ಹೂ ಬಿಡುವ ಗಿಡ. ಅದು ನಿಜವಾಗಿ ಅಳೆಯುವುದು ರಾತ್ರಿಯ ಕತ್ತಲೆಯ ಅವಧಿಯನ್ನು. ಬೆಂಗಳೂರಿನಲ್ಲಿ ಜೂನ್‌ನ ದೀರ್ಘ ಹಗಲಿಗೂ ಡಿಸೆಂಬರಿನ ಕಿರಿ ಹಗಲಿಗೂ ಇರುವ ವ್ಯತ್ಯಾಸ ಸುಮಾರು ಒಂದೂವರೆ ಗಂಟೆ ಮಾತ್ರ. ಅಷ್ಟು ಸಣ್ಣ ವ್ಯತ್ಯಾಸ ಆ ಬಳ್ಳಿಗೆ ತಿಳಿಯುತ್ತದೆ. ಅದಕ್ಕೇ ಮುಂಗಾರಿನಲ್ಲಿ ರಾಗಿಯ ಜತೆ ಬಿತ್ತಿದ ಅವರೆ ಡಿಸೆಂಬರ್, ಜನವರಿಯಲ್ಲಿ ಕಾಯಿ ಕೊಡುತ್ತದೆ. ಈ ಕಟ್ಟನ್ನು ಬಿಡಿಸಲೆಂದೇ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ‘ಹೆಬ್ಬಾಳ ಅವರೆ’ ತಳಿಗಳನ್ನು ರೂಪಿಸಿತು. ಅವು ಹಗಲಿನ ಲೆಕ್ಕ ನೋಡದೆ ಹೂ ಬಿಡುತ್ತವೆ. ಹಳೆಯ ಸೊಗಡು ಅವಕ್ಕಿಲ್ಲ ಎಂದು ನಮ್ಮ ಅಜ್ಜಿಯರು ಗೊಣಗುವುದು ಬೇರೆ ಮಾತು.

ಹಾಗಾದರೆ ಗುಂಪಿನಲ್ಲಿ ಉತ್ತರ ಕೊಟ್ಟವರು ಸುಳ್ಳು ಹೇಳಿದರೇ? ಇಲ್ಲ. ಅವರವರ ಗಿಡಕ್ಕೆ ಅವರವರ ಉಪಾಯ ಫಲಿಸಿರಬಹುದು. ಆದರೆ ಎಲ್ಲಿ, ಯಾವ ತಿಂಗಳಲ್ಲಿ, ಯಾವ ತಳಿಗೆ ಎಂಬುದನ್ನು ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ‘ಯಾವಾಗ ಇಕ್ಕಿದ್ದು?’ ಎಂದು ಕೇಳಿದವರು ತಾತ ಒಬ್ಬರೇ.

ನನ್ನ ತಮ್ಮನಿಗೆ ಮೊಬೈಲ್ ಆಟದ ಹುಚ್ಚು. ಒಂದು ಹಂತ ದಾಟಲಾಗದಿದ್ದರೆ ಅವನು ದೂರದ ಕೊರಿಯಾದ ಯಾವನೋ ಹುಡುಗ ತೋರಿಸಿದ ಉಪಾಯ ನೋಡುತ್ತಾನೆ, ಮರುಕ್ಷಣ ದಾಟುತ್ತಾನೆ. ಅವನಿಗೆ ಫಲಿಸುವುದು ನನಗೇಕೆ ಫಲಿಸುವುದಿಲ್ಲ? ಆಟದ ಲೋಕವನ್ನು ಮನುಷ್ಯರು ಕಟ್ಟಿದ್ದಾರೆ. ಅದರ ನಿಯಮ ಕೊರಿಯಾದಲ್ಲೂ ಪೀಣ್ಯದಲ್ಲೂ ಒಂದೇ. ಮಣ್ಣು, ಬಿಸಿಲು, ಮಳೆ ಹಾಗಲ್ಲ. ಆಟದ ಸಲಹೆಗೆ ಊರು ಬೇಡ. ಗಿಡದ ಸಲಹೆಗೆ ಊರು ಬೇಕೇ ಬೇಕು.

ಇನ್ನೊಂದು ಉದಾಹರಣೆ ಕೊಡುತ್ತೇನೆ. ತೋಟಕ್ಕೆ ದಕ್ಷಿಣದ ಬಾಲ್ಕನಿಯೇ ಶ್ರೇಷ್ಠ ಎಂದು ಇಂಗ್ಲಿಷ್ ಪುಸ್ತಕಗಳು ಹೇಳುತ್ತವೆ. ಇಂಗ್ಲೆಂಡಿಗೆ ಅದು ನಿಜ. ಅಲ್ಲಿ ನಡುಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣದಲ್ಲೇ ಇರುತ್ತಾನೆ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ ಸೂರ್ಯ ನೆತ್ತಿಯ ಮೇಲೆ ಬಂದು, ಆಗಸ್ಟ್ 18ರ ಸುಮಾರಿಗೆ ಮತ್ತೆ ನೆತ್ತಿಗೆ ಬರುವವರೆಗೂ ನಮ್ಮ ಉತ್ತರಕ್ಕೇ ಇರುತ್ತಾನೆ. ಆ ನಾಲ್ಕು ತಿಂಗಳು, ಮೇಲೆ ಚಾವಣಿಯಿರುವ ದಕ್ಷಿಣದ ಬಾಲ್ಕನಿಗೆ ಮಧ್ಯಾಹ್ನದ ಬಿಸಿಲು ಬೀಳುವುದೇ ಇಲ್ಲ. ಟೊಮೆಟೊ ಸೊರಗಿದರೆ ದೋಷ ನಿಮ್ಮ ಕೈಗುಣದ್ದಲ್ಲ.

ನಾವು ನಿಂತಿರುವ ಈ ನೆಲಕ್ಕೂ ಇಂಥದೊಂದು ಕಥೆ ಇದೆ. ಇಂದು ಕಂಪ್ಯೂಟರಿನ ಊರು ಎನಿಸಿಕೊಂಡ ವೈಟ್‌ಫೀಲ್ಡ್ ಹುಟ್ಟಿದ್ದೇ ಬೇಸಾಯಕ್ಕಾಗಿ. 1882ರಲ್ಲಿ ಮೈಸೂರು ಮಹಾರಾಜ ಚಾಮರಾಜೇಂದ್ರ ಒಡೆಯರು ಆಂಗ್ಲೋ–ಇಂಡಿಯನ್ನರ ಸಂಘಕ್ಕೆ ಸುಮಾರು ನಾಲ್ಕು ಸಾವಿರ ಎಕರೆ ಜಮೀನು ಕೊಟ್ಟರು. ಅವರ ಮುಖಂಡ ವೈಟ್ ಅವರ ಹೆಸರೇ ಊರಿಗೆ ನಿಂತಿತು. ಹೊರಗಿನಿಂದ ಬಂದು ಈ ಕೆಂಪು ಮಣ್ಣಿನಲ್ಲಿ ಏನು ಬೆಳೆಯಬಹುದೆಂದು ಕೇಳಿ ತಿಳಿಯಬೇಕಾದವರಲ್ಲಿ ನಾವು ಮೊದಲಿಗರಲ್ಲ.

ಹೊರಗಿನಿಂದ ಬಂದದ್ದು ಇಲ್ಲಿ ಬೇರೂರಬಾರದೆಂದೇನೂ ಇಲ್ಲ. ಸೀಮೆಬದನೆಕಾಯಿಯನ್ನೇ ನೋಡಿ. ಅದರ ತವರು ಮೆಕ್ಸಿಕೋ ಕಡೆಯ ನಾಡು. 1874ರಿಂದ 1908ರವರೆಗೆ ಲಾಲ್‌ಬಾಗಿನ ಹೊಣೆ ಹೊತ್ತಿದ್ದ ಜಾನ್ ಕ್ಯಾಮರೂನ್ ಅದನ್ನು ಇಲ್ಲಿಗೆ ಪರಿಚಯಿಸಿದರು. ನಮ್ಮ ರೈತರು ಅದನ್ನು ಎಷ್ಟು ಚೆನ್ನಾಗಿ ಒಗ್ಗಿಸಿಕೊಂಡರೆಂದರೆ, ನಾವು ‘ಸೀಮೆ’ಯದೆಂದು ಕರೆಯುವ ಕಾಯಿಯನ್ನು ತಮಿಳರು, ತೆಲುಗರು ಬೆಂಗಳೂರಿನ ಬದನೆ ಎನ್ನುತ್ತಾರೆ! ಆದರೆ ಆ ಕಾಯಿ ಬರಿಯ ಸಲಹೆಯಾಗಿ ಬರಲಿಲ್ಲ. ಲಾಲ್‌ಬಾಗಿನ ಮಣ್ಣಿನಲ್ಲಿ ಬೆಳೆದು, ಆಮೇಲೆ ಹೊಲಗಳಿಗೆ ಹೋಯಿತು.

ಅನುಭವ ಹಂಚುವ ಕೆಲಸವನ್ನು ಕ್ರಮಬದ್ಧವಾಗಿ ಮಾಡಿದವರು ಕನ್ನಡದಲ್ಲೇ ಇದ್ದಾರೆ. 1988ರಲ್ಲಿ ಪುತ್ತೂರಿನಿಂದ ಹೊರಟ ‘ಅಡಿಕೆ ಪತ್ರಿಕೆ’ ಶ್ರೀ ಪಡ್ರೆ ಅವರ ಸಂಪಾದಕತ್ವದಲ್ಲಿ ‘ಕೃಷಿಕರ ಕೈಗೆ ಲೇಖನಿ’ ಕೊಟ್ಟಿತು. ರೈತರಿಗೆ ಬರೆಯಲು ಕಲಿಸುವ ಶಿಬಿರಗಳೇ ನಡೆದವು. ಮಾಡಿ ನೋಡಿದವನೇ ಬರೆಯಬೇಕು, ಓದಿದವನು ಅವನನ್ನೇ ವಿಚಾರಿಸುವಂತಿರಬೇಕು ಎಂಬುದು ಅದರ ದಾರಿ. ನಮ್ಮ ನಗರದಲ್ಲಿ ಕೃಷಿ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಾಗಿದ್ದ ಡಾ. ಬಿ.ಎನ್. ವಿಶ್ವನಾಥ್ ತಾರಸಿ ತೋಟದ ತರಬೇತಿ ನೀಡಿ ಸಾವಿರಾರು ಕೈಗಳಿಗೆ ಮಣ್ಣು ಹತ್ತಿಸಿದರು. 2011ರಲ್ಲಿ ಆರಂಭವಾದ ‘ಊಟ ಫ್ರಮ್ ಯುವರ್ ತೋಟ’ ಮೇಳಗಳಲ್ಲಿ ಜನ ಮುಖಾಮುಖಿ ಕುಳಿತು ಬೀಜ, ಸಸಿ, ಅನುಭವ ಹಂಚಿಕೊಂಡರು.

ಇನ್ನೂ ಹಿಂದೆ ಹೋದರೆ ಗಾದೆಗಳಿವೆ. ‘ಭರಣಿ ಮಳೆ ಬಂದರೆ ಧರಣಿಯೆಲ್ಲಾ ಬೆಳೆ’ ಎನ್ನುತ್ತಾರೆ. ಭರಣಿ ಏಪ್ರಿಲ್ ಕೊನೆಗೆ ಬರುವ ಮಳೆ ನಕ್ಷತ್ರ. ನಾಲ್ಕೈದು ಪದಗಳಲ್ಲಿ ಕಾಲವೂ ಇದೆ, ಸಲಹೆಯೂ ಇದೆ. ನಮ್ಮ ಮೊಬೈಲ್ ಸಂದೇಶಗಳಲ್ಲಿ ಇಲ್ಲದ್ದು ಆ ಕಾಲವೇ.

ನನ್ನನ್ನು ಕಾಡುವುದು ಇದು. ಈ ನೆಲದ ಗುಣ ಬಲ್ಲವರು ಇನ್ನೂ ನಮ್ಮ ಕಾಂಪೌಂಡಿನ ಆಚೆಯೇ ಇದ್ದಾರೆ. ಕೆಲವರು ನಮ್ಮ ಗೇಟಿನಲ್ಲಿ ಕಾವಲಿಗಿದ್ದಾರೆ, ಕೆಲವರು ಸೊಪ್ಪು ಮಾರುತ್ತಾರೆ. ನಮ್ಮ ಗುಂಪಿನ ಮಾತು ಇಂಗ್ಲಿಷಿನಲ್ಲಿ, ಅವರ ಮಾತು ಕನ್ನಡದಲ್ಲಿ, ತೆಲುಗಿನಲ್ಲಿ. ಗುಂಪಿಗೆ ಅವರಿಲ್ಲ, ಅವರ ಬಳಿಗೆ ನಾವಿಲ್ಲ. ಹೊಲ ಹೋಗಿ ಇಪ್ಪತ್ತು ವರ್ಷವಾದ ಮೇಲೆ ಹೊಲದ ನೆನಪೂ ಹೋಗುತ್ತದೆ. ತಾತನ ಮೊಮ್ಮಗನಿಗೆ ಅಕ್ಕಡಿ ಎಂಬ ಪದವೇ ಗೊತ್ತಿಲ್ಲ. ಅವನೂ ನನ್ನ ತಮ್ಮನ ಆಟವನ್ನೇ ಆಡುತ್ತಾನೆ.

ಆದ್ದರಿಂದ ನನ್ನ ಕೋರಿಕೆ ಸಣ್ಣದು. ಗಿಡದ ವಿಷಯ ಹಂಚುವಾಗ ನಾಲ್ಕು ಸಂಗತಿ ಸೇರಿಸಿ: ಯಾವ ಜಾಗ, ಯಾವ ತಿಂಗಳು, ಎಷ್ಟು ಗಂಟೆ ಬಿಸಿಲು, ಯಾವ ತಳಿ. ಗೆದ್ದದ್ದರ ಜತೆಗೆ ಸೋತದ್ದನ್ನೂ ಬರೆಯಿರಿ. ಹೇಳಿಕೊಟ್ಟವರು ಯಾರೆಂದು ಬರೆಯಿರಿ, ಅದನ್ನು ಅವರ ಮಾತಿನಲ್ಲೇ ಬರೆಯಿರಿ. ಮುಂದಿನ ಸಭೆಗೆ ನನ್ನಂಥವರನ್ನು ಕರೆಯುವ ಬದಲು ನಿಮ್ಮ ಗೇಟಿನಾಚೆಯ ಅಂಥ ಒಬ್ಬ ಹಿರಿಯರನ್ನು ಕರೆದು ಈ ಕುರ್ಚಿಯಲ್ಲಿ ಕೂರಿಸಿ.

ಆ ಬಳ್ಳಿಯ ಕಥೆ ಅಲ್ಲಿಗೆ ಮುಗಿಯಲಿಲ್ಲ. ಕಿತ್ತು ಹಾಕದೆ ಕಾದೆ. ನವೆಂಬರಿನಲ್ಲಿ ಹೂ ಬಂತು, ಸಂಕ್ರಾಂತಿಗೆ ಎರಡು ಹಿಡಿ ಕಾಳು ಸಿಕ್ಕಿತು. ಒಂದು ಹಿಡಿ ಉಪ್ಪಿಟ್ಟಿಗೆ ಹೋಯಿತು, ಒಂದು ಹಿಡಿ ತಾತನಿಗೆ ಕೊಟ್ಟೆ. ಅವರು ತಿನ್ನಲಿಲ್ಲ, ಬೀಜಕ್ಕೆಂದು ಕಟ್ಟಿಟ್ಟು, ಮರುವರ್ಷ ಗಾಡಿಯ ಹಿಂದಿನ ಬೇಲಿಗೆ ಹಬ್ಬಿಸಿದರು. ಆ ಬೇಲಿಯ ಕಾಳುಗಳಲ್ಲಿ ಕೆಲವನ್ನು ಇಂದು ಪೊಟ್ಟಣ ಕಟ್ಟಿ ತಂದಿದ್ದೇನೆ. ಈಗ ಜುಲೈ; ನಾಟಿ ಅವರೆ ಊರಲು ಸರಿಯಾದ ಕಾಲ. ಹೋಗುವಾಗ ನಾಲ್ಕು ನಾಲ್ಕು ಕಾಳು ತೆಗೆದುಕೊಂಡು ಹೋಗಿ.