ನಿಸ್ತಂತುವಿನ ಎರಡು ತಂತಿಗಳು

'ಕಾರ್ಡ್‌ಲೆಸ್' ಎಂಬ ಆಂಗ್ಲ ಶಬ್ದವನ್ನು ನಾವು 'ನಿಸ್ತಂತು' ಎಂದು ಕನ್ನಡಕ್ಕೆ ತಂದುಕೊಂಡಿದ್ದೇವೆ. ಶಬ್ದ ಸೊಗಸಾಗಿದೆ, ವ್ಯಾಕರಣಕ್ಕೂ ಸಲ್ಲುತ್ತದೆ. ಆದರೆ ಮನೆಯಲ್ಲಿರಿಸಿಕೊಳ್ಳುವ ನಿಸ್ತಂತು ದೂರವಾಣಿಯ ಮಟ್ಟಿಗೆ ಅದು ಅರ್ಧಸತ್ಯವೇ ಸರಿ. ಕೈಯಲ್ಲಿ ಹಿಡಿದು ಓಡಾಡುವ ಭಾಗಕ್ಕೆ ತಂತಿಯಿಲ್ಲ, ನಿಜ. ಅದನ್ನು ಹ್ಯಾಂಡ್‌ಸೆಟ್ ಎಂದೇ ಕರೆಯೋಣ. ಅದು ಮರಳಿ ಬಂದು ಕೂಡುವ ಪೀಠಕ್ಕೆ ಮಾತ್ರ ಒಂದಲ್ಲ, ಎರಡು ತಂತಿಗಳಿವೆ. ಒಂದು ದೂರವಾಣಿ ಕೇಂದ್ರದಿಂದ ಬಂದದ್ದು, ಇನ್ನೊಂದು ವಿದ್ಯುತ್ತಿನದು. ಈ ಉಪಕರಣದಿಂದ ಬರುವ ಅನುಕೂಲವೆಲ್ಲ ಇಲ್ಲದ ತಂತಿಯಿಂದ ಬಂದದ್ದು. ತೊಂದರೆಯ ಬಹುಪಾಲು ಇರುವ ತಂತಿಗಳಿಂದ ಬರುವಂಥದು. ಕೇಳುಗ ಮಿತ್ರರೆ, ಈ ಹೊತ್ತಿನ ನನ್ನ ಮಾತು ಆ ಎರಡು ತಂತಿಗಳನ್ನು ಕುರಿತದ್ದು.

ಎಲ್ಲರ ಕಿಸೆಯಲ್ಲಿಯೂ ಮೊಬೈಲ್ ಇರುವ ಈ ಕಾಲದಲ್ಲಿ ಇದೆಲ್ಲ ಯಾಕೆ ಎಂದು ಪಟ್ಟಣದ ಕೇಳುಗರು ಕೇಳಬಹುದು. ಅಂಕೋಲೆ ತಾಲೂಕಿನ ನಮ್ಮ ಶೆಟಗೇರಿಯ ಕಡೆಗೆ ಬಂದರೆ ಉತ್ತರ ತಾನಾಗಿ ದೊರೆಯುತ್ತದೆ. ಒಂದು ಕಡೆ ಕಡಲು, ಇನ್ನೊಂದು ಕಡೆ ಗುಡ್ಡಗಳ ಸಾಲು. ಮೊಬೈಲಿನ ಗೆರೆಗಳು ಅಂಗಳದ ತೆಂಗಿನ ಬುಡದಲ್ಲಿ ಎರಡು ಕಾಣಿಸಿದರೆ ನಡುಮನೆಯಲ್ಲಿ ಒಂದೂ ಕಾಣಿಸದೆ ಇರಬಹುದು. ಮಕ್ಕಳು ಬೆಂಗಳೂರು, ಮುಂಬಯಿ, ಕೊಲ್ಲಿ ರಾಷ್ಟ್ರ, ಅಮೆರಿಕಗಳಲ್ಲಿ ನೆಲೆಸಿ, ಮನೆಯಲ್ಲಿ ಉಳಿದವರು ಎಪ್ಪತ್ತು ದಾಟಿದ ಇಬ್ಬರೇ ಎಂಬಂಥ ಕುಟುಂಬಗಳು ನಮ್ಮ ಕರಾವಳಿಯಲ್ಲಿ ಬಹಳ. ಮಂದವಾದ ಕಣ್ಣಿಗೂ ನಡುಗುವ ಬೆರಳಿಗೂ ಗಾಜಿನ ಪರದೆಗಿಂತ ಒತ್ತುವ ದೊಡ್ಡ ಗುಂಡಿಯೇ ಹಿತ. ನಡುಮನೆಯಲ್ಲಿ ಗಂಟೆ ಬಾರಿಸಿದಾಗ ಹಿತ್ತಲಿನಿಂದ ಅವಸರದಲ್ಲಿ ಓಡಿಬಂದು ಹೊಸ್ತಿಲೆಡವಿದವರನ್ನು ನಾವೆಲ್ಲ ಬಲ್ಲೆವು. ಅಂಥವರ ಪಾಲಿಗೆ ಹ್ಯಾಂಡ್‌ಸೆಟ್ ಕೈಯಳತೆಯಲ್ಲಿರುವುದು ಶೋಕಿಯಲ್ಲ, ಅಗತ್ಯ.

ನಮ್ಮ ದೇಶಕ್ಕೆ ದೂರವಾಣಿ ಕೇಂದ್ರ ಬಂದದ್ದು 1882ರಲ್ಲಿ. ಕಲಕತ್ತೆ, ಮುಂಬಯಿ, ಮದರಾಸುಗಳಲ್ಲಿ. ಹಳ್ಳಿಗಳಿಗೆ ಅದು ನಿಜವಾಗಿ ಬಂದದ್ದು ನೂರು ವರ್ಷ ಕಳೆದ ಮೇಲೆ. 1984ರಲ್ಲಿ ಸ್ಥಾಪನೆಯಾದ ಸಿ-ಡಾಟ್ ಸಂಸ್ಥೆ ನಮ್ಮ ಧೂಳು, ಸೆಕೆಗಳನ್ನು ಸಹಿಸಿಕೊಂಡು ಹವಾನಿಯಂತ್ರಣವಿಲ್ಲದೆಯೇ ನಡೆಯಬಲ್ಲ 128 ಜೋಡಣೆಗಳ ಪುಟ್ಟ ಗ್ರಾಮೀಣ ಕೇಂದ್ರವೊಂದನ್ನು ರೂಪಿಸಿತು. ಅಂಥ ಮೊದಲ ಕೇಂದ್ರ 1986ರಲ್ಲಿ ಕೆಲಸ ಆರಂಭಿಸಿದ್ದು ನಮ್ಮ ನೆರೆಯ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ. ಚೆನ್ನಮ್ಮನ ಊರಿಗೆ ಇದೂ ಒಂದು ಹೆಮ್ಮೆ ಎಂಬುದು ಪಠ್ಯಪುಸ್ತಕಗಳಿಗೆ ತಿಳಿದಂತಿಲ್ಲ. ಆ ಕಾಲದ ದೂರವಾಣಿಗೆ ಒಂದು ದೊಡ್ಡ ಗುಣವಿತ್ತು. ಅದಕ್ಕೆ ಬೇಕಾದ ವಿದ್ಯುತ್ತು ಮನೆಯದಾಗಿರಲಿಲ್ಲ. ಕೇಂದ್ರದ ಬ್ಯಾಟರಿಗಳಿಂದ 48 ವೋಲ್ಟಿನಷ್ಟು ಶಕ್ತಿ ಮಾತಿನ ಜೊತೆಗೇ ತಾಮ್ರದ ಆ ಜೋಡಿ ತಂತಿಯಲ್ಲಿ ಹರಿದು ಬರುತ್ತಿತ್ತು. ಊರೆಲ್ಲ ಕತ್ತಲಾದರೂ ಫೋನು ಬಾರಿಸುತ್ತಿತ್ತು.

ನಿಸ್ತಂತು ದೂರವಾಣಿ ಈ ಗುಣವನ್ನು ಬಿಟ್ಟುಕೊಟ್ಟಿತು. ಅದರ ಪೀಠ ಒಂದು ಪುಟ್ಟ ರೇಡಿಯೋ ನಿಲಯ. ಅದು ನಡೆಯುವುದು ಮನೆಯ ವಿದ್ಯುತ್ತಿನಿಂದ. ವಿದ್ಯುತ್ತು ಹೋಯಿತೆಂದರೆ ಹ್ಯಾಂಡ್‌ಸೆಟ್ಟಿನ ಬ್ಯಾಟರಿ ತುಂಬಿದ್ದರೂ ಪ್ರಯೋಜನವಿಲ್ಲ, ಏಕೆಂದರೆ ಅದರ ಮಾತನ್ನು ಕೇಳುವ ಪೀಠವೇ ನಿದ್ದೆಹೋಗಿರುತ್ತದೆ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ನಮ್ಮ ಕರಾವಳಿಯಲ್ಲಿ ಇದು ಸಣ್ಣ ಸಂಗತಿಯಲ್ಲ. ಮಾವಿನ ಕೊಂಬೆಯೊಂದು ತಂತಿಯ ಮೇಲೆ ಬಿದ್ದರೆ ಎರಡು ದಿನ ದೀಪವಿಲ್ಲ. 2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯನ್ನೇ ಮುಚ್ಚಿದಾಗ, ದೂರದ ಊರುಗಳಲ್ಲಿದ್ದ ನಮ್ಮವರೆಲ್ಲ ಮೊದಲು ಮಾಡಿದ ಕೆಲಸ ಮನೆಗೆ ಫೋನು ಹಚ್ಚಿದ್ದು. ಅಂಥ ದಿನ ಉತ್ತರ ಬಾರದ ಒಂದೊಂದು ಗಂಟೆಯೂ ಎಷ್ಟು ಉದ್ದವೆಂಬುದನ್ನು ಕಾದವರೇ ಬಲ್ಲರು.

ಆದಕಾರಣ ನನ್ನ ಮೊದಲ ಸೂಚನೆ ಇದು: ನಿಸ್ತಂತು ಫೋನು ಕೊಂಡ ದಿನ ಹಳೆಯ ತಂತಿಯ ಫೋನನ್ನು ಗುಜರಿಗೆ ಹಾಕಬೇಡಿ. ತಾಮ್ರದ ಜೋಡಣೆ ಇನ್ನೂ ಉಳಿದಿರುವ ಮನೆಗಳಲ್ಲಿ ಅದನ್ನು ಒರೆಸಿ ಕಪಾಟಿನಲ್ಲಿಡಿ. ವಿದ್ಯುತ್ತು ಹೋದಾಗ ಪೀಠದ ಗೂಟವನ್ನು ಕಿತ್ತು ಹಳೆಯ ಫೋನಿನದನ್ನು ಸಿಕ್ಕಿಸಿದರೆ ಕೇಂದ್ರದ ಬ್ಯಾಟರಿ ತಾಳುವಷ್ಟು ಹೊತ್ತು ಮಾತು ನಡೆಯುತ್ತದೆ.

ಆದರೆ ಈಗ ಅನೇಕ ಮನೆಗಳಿಗೆ ತಾಮ್ರದ ಬದಲು ಗಾಜಿನ ಎಳೆ, ಎಂದರೆ ಆಪ್ಟಿಕಲ್ ಫೈಬರ್ ಬಂದಿದೆ. ಗಾಜಿನಲ್ಲಿ ಬೆಳಕು ಹರಿಯುತ್ತದೆ, ವಿದ್ಯುತ್ತು ಹರಿಯುವುದಿಲ್ಲ. ಆ ಬೆಳಕನ್ನು ಮಾತಾಗಿ ಬದಲಿಸುವ ಪೆಟ್ಟಿಗೆಗೆ ಮನೆಯ ವಿದ್ಯುತ್ತೇ ಬೇಕು. ಅಲ್ಲಿ ಹಳೆಯ ಫೋನನ್ನು ಸಿಕ್ಕಿಸಿದರೂ ಕತ್ತಲಲ್ಲಿ ಅದು ಮೂಕ. ಹೀಗಾಗಿ ಫೈಬರ್ ಇರುವವರು ಆ ಪೆಟ್ಟಿಗೆಗೂ ನಿಸ್ತಂತುವಿನ ಪೀಠಕ್ಕೂ ಕೂಡಿ ಬ್ಯಾಟರಿಯ ಆಸರೆ ಒದಗಿಸಬೇಕು. ಮನೆಯಲ್ಲಿ ಇನ್ವರ್ಟರ್ ಇದ್ದರೆ ಇವೆರಡರ ಪ್ಲಗ್ಗುಗಳು ಅದರ ಸಾಲಿಗೆ ಸೇರಿವೆಯೇ ನೋಡಿರಿ. ದೂರದರ್ಶನವನ್ನು ಇನ್ವರ್ಟರಿಗೆ ಸೇರಿಸಿ ಫೋನನ್ನು ಹೊರಗಿಟ್ಟ ಮನೆಗಳನ್ನು ನಾನು ಕಂಡಿದ್ದೇನೆ. ಧಾರಾವಾಹಿಯ ಮಹಿಮೆ ಅಂಥದು. ಇನ್ವರ್ಟರ್ ಇಲ್ಲದವರಿಗೆ ರೌಟರಿಗೆಂದೇ ಮಾಡಿದ ಸಣ್ಣ ಯು.ಪಿ.ಎಸ್. ಪೆಟ್ಟಿಗೆಗಳು ದೊರೆಯುತ್ತವೆ. ಕೊಳ್ಳುವಾಗ ಉಪಕರಣದ ಅಡಾಪ್ಟರಿನ ಮೇಲೆ ಬರೆದ ವೋಲ್ಟಿಗೂ ಅದಕ್ಕೂ ತಾಳೆಯಿರಬೇಕು. ಫೈಬರ್ ಪೆಟ್ಟಿಗೆಗೂ ಫೋನಿನ ಪೀಠಕ್ಕೂ ಬೇಕಾದ ವೋಲ್ಟು ಬೇರೆ ಬೇರೆ ಇರುವುದು ಸಾಮಾನ್ಯ.

ಪೀಠವನ್ನು ಎಲ್ಲಿಡಬೇಕು ಎಂಬುದು ಮುಂದಿನ ಪ್ರಶ್ನೆ. ಕಾಗದದ ಮೇಲೆ ಇದರ ತಲುಪು ಮನೆಯೊಳಗೆ 50 ಮೀಟರು, ಬಯಲಿನಲ್ಲಿ 300 ಮೀಟರು ಎಂದಿರುತ್ತದೆ. ಇದನ್ನು ಬರೆದವರು ಚಿರೆಕಲ್ಲಿನ ಗೋಡೆಯನ್ನು ಕಂಡವರಲ್ಲ. ನಮ್ಮ ಕಡೆಯ ದಪ್ಪ ಚಿರೆಕಲ್ಲಿನ ಗೋಡೆಗಳು ಆಷಾಢದಲ್ಲಿ ನೀರು ಕುಡಿದು ನಿಂತಾಗ ರೇಡಿಯೋ ತರಂಗಗಳು ಇನ್ನಷ್ಟು ಸೊರಗುತ್ತವೆ. ಮನೆಯ ನಡುಭಾಗದಲ್ಲಿ, ನೆಲದಿಂದ ಎದೆಯೆತ್ತರದಲ್ಲಿ, ಕಬ್ಬಿಣದ ಕಪಾಟು, ರೆಫ್ರಿಜರೇಟರುಗಳಿಂದ ದೂರದಲ್ಲಿ ಇಟ್ಟರೆ ಒಳ್ಳೆಯದು. ಅಡುಗೆಮನೆಯ ಹಬೆಯೂ ಕಡಲ ಕಡೆಯ ಕಿಟಕಿಯ ಉಪ್ಪುಗಾಳಿಯೂ ಅದಕ್ಕೆ ಆಗಿಬರುವುದಿಲ್ಲ. ಇಟ್ಟ ಮೇಲೆ ಹ್ಯಾಂಡ್‌ಸೆಟ್ಟಿನಲ್ಲಿ ಮಾತನಾಡುತ್ತಲೇ ಬಚ್ಚಲು, ಕೊಟ್ಟಿಗೆ, ಬಾವಿಕಟ್ಟೆಗಳವರೆಗೆ ನಡೆದು ಎಲ್ಲಿ ಧ್ವನಿ ಒಡೆಯುತ್ತದೆಂದು ಗುರುತಿಸಿಕೊಳ್ಳಬೇಕು. ಮುದುಕರು ಜಾರುವುದು ಹೆಚ್ಚಾಗಿ ಬಚ್ಚಲಿನಲ್ಲಿ. ಅಲ್ಲಿಗೆ ಧ್ವನಿ ಮುಟ್ಟದಿದ್ದರೆ ಪೀಠವನ್ನು ಸರಿಸಬೇಕಾದದ್ದೇ.

ಬ್ಯಾಟರಿಯ ವಿಷಯದಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಬಹುತೇಕ ಹ್ಯಾಂಡ್‌ಸೆಟ್ಟುಗಳಲ್ಲಿರುವುದು ಮರಳಿ ಮರಳಿ ತುಂಬಬಹುದಾದ, 1.2 ವೋಲ್ಟಿನ ನಿಕಲ್ ಮೆಟಲ್ ಹೈಡ್ರೈಡ್ ಕೋಶಗಳು. ಟಾರ್ಚಿಗೂ ಗಡಿಯಾರಕ್ಕೂ ಹಾಕುವ ಸಾದಾ ಕೋಶಗಳು ನೋಡಲು ತದ್ವತ್ ಹಾಗೆಯೇ ಇರುತ್ತವೆ, ಆ ಮನೆಯೊಳಗೆ ಸರಿಯಾಗಿ ಕೂಡುತ್ತವೆ ಕೂಡ. ಆದರೆ ಪೀಠದ ಮೇಲಿಟ್ಟೊಡನೆ ಅವುಗಳಿಗೂ ವಿದ್ಯುತ್ತು ಹರಿಯತೊಡಗುತ್ತದೆ. ಅದನ್ನು ಸಹಿಸುವ ರಚನೆ ಅವಕ್ಕಿಲ್ಲ. ಕಾಯ್ದು, ಕ್ಷಾರ ಸೋರಿ, ಒಮ್ಮೊಮ್ಮೆ ಸಿಡಿಯಲೂಬಹುದು. ಅಂಗಡಿಯಲ್ಲಿ 'ರೀಚಾರ್ಜ್' ಎಂಬ ಶಬ್ದವನ್ನು ಓದಿಸಿಕೊಂಡೇ ಕೊಳ್ಳತಕ್ಕದ್ದು. ಮೊದಲ ಸಲ ತುಂಬುವುದಕ್ಕೆ ಸುಮಾರು 16 ಗಂಟೆಗಳ ಕಾಲ ಪೀಠದ ಮೇಲೆ ಬಿಡಿ. ಉಪ್ಪುಗಾಳಿಗೆ ಹ್ಯಾಂಡ್‌ಸೆಟ್ಟಿನ ತಳದ ಲೋಹದ ಚುಕ್ಕೆಗಳು ಕಂದುತ್ತವೆ. ತಿಂಗಳಿಗೊಮ್ಮೆ ಒಣಬಟ್ಟೆಯಿಂದ ಉಜ್ಜಿದರೆ ಸಾಕು. 'ಬ್ಯಾಟರಿ ಕೆಟ್ಟಿದೆ' ಎಂದು ಎಸೆಯುವ ಎಷ್ಟೋ ಫೋನುಗಳಲ್ಲಿ ಕೆಟ್ಟಿರುವುದು ಈ ಚುಕ್ಕೆಗಳು ಮಾತ್ರ.

ಹ್ಯಾಂಡ್‌ಸೆಟ್ಟಿಗೂ ಪೀಠಕ್ಕೂ ಪರಿಚಯ ಮಾಡಿಸುವ ಕ್ರಮ ಪುಸ್ತಿಕೆಯಲ್ಲಿರುತ್ತದೆ. ಪೀಠದ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿ ಹಿಡಿದು, ಹ್ಯಾಂಡ್‌ಸೆಟ್ಟಿನಲ್ಲಿ ನೋಂದಣಿಯನ್ನು ಆರಿಸಿ, ಕೇಳಿದಾಗ ಗುಪ್ತಸಂಖ್ಯೆ ಕೊಡುವುದು. ಆ ಸಂಖ್ಯೆ ಹೆಚ್ಚಾಗಿ ನಾಲ್ಕು ಸೊನ್ನೆಗಳಾಗಿರುತ್ತದೆ. ಅದನ್ನು ಅಂದೇ ಬದಲಿಸಿ, ಎಲ್ಲಿಯಾದರೂ ಬರೆದಿಡಿ. ಪೀಠದ ಅದೇ ಗುಂಡಿಯನ್ನು ಮೆಲ್ಲನೆ ಒತ್ತಿದರೆ ಕಾಣೆಯಾದ ಹ್ಯಾಂಡ್‌ಸೆಟ್ ತಾನಿದ್ದಲ್ಲಿಂದ ಕೂಗುತ್ತದೆ. ದಿಂಬಿನ ಅಡಿಯಿಂದಲೂ, ಅಕ್ಕಿ ಡಬ್ಬದ ಮೇಲಿನಿಂದಲೂ ಕೂಗಿದ್ದುಂಟು.

ಇನ್ನು ಸಿಡಿಲು. ನಮ್ಮಲ್ಲಿ ಸಿಡಿಲಿನ ಭಯ ಹೆಚ್ಚಿರುವುದು ಆಷಾಢದ ಜಡಿಮಳೆಯಲ್ಲಲ್ಲ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ, ಮಳೆ ಹಿಂದೆಗೆಯುವ ಅಕ್ಟೋಬರಿನಲ್ಲಿ. ಸಿಡಿಲು ಮನೆಯ ಮೇಲೆಯೇ ಬೀಳಬೇಕೆಂದಿಲ್ಲ. ದೂರದಲ್ಲಿ ಕಂಬಕ್ಕೆ ತಗಲಿದರೂ ತಂತಿಯನ್ನು ಹಿಡಿದು ಒಳಗೆ ಬರುತ್ತದೆ. ಆಗ ತಂತಿಯ ಫೋನನ್ನು ಕಿವಿಗೆ ಹಿಡಿದವನಿಗೆ ಅಪಾಯವುಂಟು. ನಿಸ್ತಂತುವಿನ ಹ್ಯಾಂಡ್‌ಸೆಟ್ ಪೀಠದಿಂದ ದೂರವಿದ್ದಾಗ ಆ ಭಯವಿಲ್ಲ; ಇದು ಅದರ ದೊಡ್ಡ ಉಪಕಾರ. ಆದರೆ ಪೀಠಕ್ಕೆ ತಂತಿಗಳು ಎರಡೆಂದು ಆಗಲೇ ಹೇಳಿದೆ. ಸಿಡಿಲಿಗೆ ಬಾಗಿಲುಗಳೂ ಎರಡು. ಜನ ವಿದ್ಯುತ್ತಿನ ಪ್ಲಗ್ಗನ್ನು ಕಿತ್ತು ಸಮಾಧಾನಪಡುತ್ತಾರೆ. ದೂರವಾಣಿಯ ತಾಮ್ರದ ತಂತಿ ಹಾಗೆಯೇ ಉಳಿದು, ಪೀಠ ಅದರ ಮೂಲಕವೇ ಸುಟ್ಟುಹೋಗುತ್ತದೆ. ಮೋಡ ಕವಿಯುತ್ತಿರುವಾಗಲೇ ಎರಡನ್ನೂ ಕಿತ್ತಿಡಬೇಕು. ಗುಡುಗು ಕೇಳಿಸತೊಡಗಿದ ಮೇಲೆ ಪ್ಲಗ್ಗಿಗೆ ಕೈಹಾಕಬಾರದು. ಫೋನು ಸುಟ್ಟರೆ ಇನ್ನೊಂದು ಬರುತ್ತದೆ. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಕಳೆದ ಮೇಲೆ ಮತ್ತೆ ಸಿಕ್ಕಿಸಿ.

ಅಮೆರಿಕದಿಂದ ರಜೆಗೆ ಬರುವ ಮಕ್ಕಳು ಪ್ರೀತಿಯಿಂದ ತರುವ ಉಡುಗೊರೆಗಳಲ್ಲಿ ನಿಸ್ತಂತು ಫೋನೂ ಒಂದು. ಪ್ರೀತಿಯನ್ನು ಸ್ವೀಕರಿಸಿ, ಫೋನನ್ನು ಹಿಂದಕ್ಕೆ ಕಳಿಸಿರಿ ಎನ್ನುವುದು ನನ್ನ ಸಲಹೆ. ಅಲ್ಲಿನ ಮನೆಗಳಲ್ಲಿ ವಿದ್ಯುತ್ತು 120 ವೋಲ್ಟು, ನಮ್ಮಲ್ಲಿ 230. ಅಲ್ಲಿಗೆಂದೇ ಮಾಡಿದ ಅಡಾಪ್ಟರನ್ನು ಇಲ್ಲಿ ಸಿಕ್ಕಿಸಿದರೆ ಹೊಗೆಯೇ ಮೊದಲ ಕರೆ. ನಮ್ಮೂರಿನ ಒಂದು ಮನೆಯಲ್ಲಿ ಹೀಗಾಗಿ ಗೋಡೆ ಕಪ್ಪಾದದ್ದನ್ನು ನಾನೇ ನೋಡಿದ್ದೇನೆ. ಅಡಾಪ್ಟರ್ ಬದಲಿಸಿದರೂ ಮುಗಿಯಲಿಲ್ಲ. 'ಡೆಕ್ಟ್ 6.0' ಎಂದು ಹೆಸರಿರುವ ಅಲ್ಲಿನ ಫೋನುಗಳು 1920ರಿಂದ 1930 ಮೆಗಾಹರ್ಟ್ಸ್ ತರಂಗಗಳಲ್ಲಿ ನಡೆಯುತ್ತವೆ. ನಮ್ಮ ದೇಶದಲ್ಲಿ ಆ ತರಂಗಗಳನ್ನು ಮೊಬೈಲ್ ಸೇವೆಗೆ ಕೊಡಲಾಗಿದೆ. ಮೊದಲೇ ಸೊರಗಿದ ಊರಿನ ಮೊಬೈಲ್ ಸಂಪರ್ಕಕ್ಕೆ ನಮ್ಮ ಮನೆಯ ಉಡುಗೊರೆ ಅಡ್ಡಗಾಲಾಗುತ್ತದೆ. ಇಲ್ಲಿ ಅದರ ಬಳಕೆಗೆ ಅನುಮತಿಯೂ ಇಲ್ಲ. ಇಲ್ಲಿಯೇ ಮಾರುವ, ಬಿಲ್ಲು ಕೊಡುವ ಅಂಗಡಿಯ ಫೋನೇ ಲೇಸು.

ತರಂಗಕ್ಕೆ ಗೋಡೆ ಅಡ್ಡಿಯಾದರೂ ಬೇಲಿ ಅಡ್ಡಿಯಲ್ಲ. 46, 49 ಮೆಗಾಹರ್ಟ್ಸಿನ ಹಳೆಯ ಫೋನುಗಳ ಮಾತನ್ನು ನೆರೆಯವರು ಸಾದಾ ರೇಡಿಯೋ ಉಪಕರಣದಿಂದಲೇ ಕೇಳಬಹುದಾಗಿತ್ತು. ಅಂಥದು ಇನ್ನೂ ಮನೆಯಲ್ಲಿದ್ದರೆ ಅದಕ್ಕೆ ನಿವೃತ್ತಿ ಕೊಡಿ. ಈಗಿನ ಡಿಜಿಟಲ್ ಫೋನುಗಳು ಮಾತನ್ನು ಗುಪ್ತಲಿಪಿಯಲ್ಲಿ ಕಳಿಸಬಲ್ಲವಾದರೂ ಎಲ್ಲ ಫೋನುಗಳೂ ಕಳಿಸುವುದಿಲ್ಲ. ಕಳ್ಳಗಿವಿ ಸಾಧ್ಯವೆಂಬುದನ್ನು 2008ರಲ್ಲಿ ಬರ್ಲಿನ್ನಿನ ಸಮ್ಮೇಳನವೊಂದರಲ್ಲಿ ತಜ್ಞರು ತೋರಿಸಿಕೊಟ್ಟರು. ಆದರೂ ಇಂದು ನಮ್ಮ ಹಿರಿಯರಿಗೆ ಗಂಡಾಂತರ ಬರುತ್ತಿರುವುದು ಕದ್ದು ಕೇಳುವವರಿಗಿಂತ ಹೆಚ್ಚಾಗಿ ನೇರವಾಗಿ ಕರೆ ಮಾಡುವವರಿಂದ. ಪೊಲೀಸನೆಂದೂ ಬ್ಯಾಂಕಿನವನೆಂದೂ ಹೇಳಿಕೊಂಡು, 'ನಿಮ್ಮನ್ನು ಫೋನಿನಲ್ಲಿಯೇ ಬಂಧಿಸಿದ್ದೇವೆ' ಎನ್ನುವವರಿದ್ದಾರೆ. ಫೋನಿನಲ್ಲಿ ಬಂಧಿಸುವ ಕಾನೂನು ನಮ್ಮ ದೇಶದಲ್ಲಿಲ್ಲ. ಹ್ಯಾಂಡ್‌ಸೆಟ್ಟನ್ನು ಪೀಠದ ಮೇಲಿಟ್ಟುಬಿಡಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ತಿಳಿಸಿ.

ತರಂಗಗಳಿಂದ ಆರೋಗ್ಯಕ್ಕೆ ಕೇಡೇ ಎಂದು ಕೆಲವರು ಕೇಳುತ್ತಾರೆ. ಈ ಫೋನು ಮಾತಿನ ವೇಳೆ ಹೊರಸೂಸುವ ಸರಾಸರಿ ಶಕ್ತಿ 10 ಮಿಲಿವ್ಯಾಟಿನಷ್ಟು, ಮೊಬೈಲು ದೂರದ ಗೋಪುರವನ್ನು ಹುಡುಕುವಾಗ ಬಳಸುವುದಕ್ಕಿಂತ ಬಹಳ ಕಡಿಮೆ. ಎದೆಯಲ್ಲಿ ಪೇಸ್‌ಮೇಕರ್ ಅಳವಡಿಸಿಕೊಂಡವರು ಮಾತ್ರ ಅದನ್ನು ಎದೆಯ ಕಿಸೆಯಲ್ಲಿಡದೆ ಒಂದು ಗೇಣಾದರೂ ದೂರವಿಟ್ಟುಕೊಂಡು, ತಮ್ಮ ವೈದ್ಯರನ್ನೂ ಕೇಳಬೇಕು.

ಪೀಠದ ಮೇಲಿನ ಗೋಡೆಗೆ ದಪ್ಪ ಅಕ್ಷರದ ಒಂದು ಚೀಟಿ ಅಂಟಿಸಿ. ತುರ್ತಿಗೆ 112, ಆಂಬುಲೆನ್ಸಿಗೆ 108, ಅದರ ಕೆಳಗೆ ಓಡಿಬರಬಲ್ಲ ನೆರೆಮನೆಯ ಸಂಖ್ಯೆ. ಬಳಿಕ ಈ ಮಳೆಗಾಲಕ್ಕೆ ಮುಂಚೆ ಒಂದು ಬೆಳಿಗ್ಗೆ, ಮನೆಯಲ್ಲಿ ಎಲ್ಲರೂ ಇರುವಾಗ, ಮೇನ್ ಸ್ವಿಚ್ಚನ್ನು ಆರಿಸಿ. ಆ ನೆರೆಮನೆಯ ಸಂಖ್ಯೆಗೆ ಮನೆಯ ಫೋನಿನಿಂದಲೇ ಕರೆಮಾಡಿ ನೋಡಿ. ಕರೆ ಹೋದರೆ ಸ್ವಿಚ್ಚು ಹಾಕಿ ಚಹಾ ಕುಡಿಯಿರಿ. ಹೋಗದಿದ್ದರೆ ಕಪಾಟಿನ ಹಳೆಯ ಫೋನನ್ನು ಅಂದೇ ಹೊರತೆಗೆಯಿರಿ, ಇಲ್ಲವೇ ಬ್ಯಾಟರಿ ಪೆಟ್ಟಿಗೆಗಾಗಿ ಅಂಕೋಲೆಯ ಪೇಟೆಗೆ ಹೊರಡಿರಿ.