ಹೆದರಿಸುವುದಕ್ಕೂ ಒಂದು ಊರು ಬೇಕು
(ತಲ್ಲೂರಿನಲ್ಲಿ ಯುವ ಓದುಗರ ಮುಂದೆ ಮುದ್ರಕರೊಬ್ಬರು ಆಡಿದ ಮಾತು)



ನಾನು ಭಾಷಣಕಾರನಲ್ಲ. ಪಿಯುಸಿ ಮುಗಿಸಿ ಅಚ್ಚುಕೂಟ ಸೇರಿದವನು. ಮದುವೆ ಕಾಗದ, ಆಟದ ಹ್ಯಾಂಡ್‌ಬಿಲ್ಲು, ಸೊಸೈಟಿಯ ವರದಿ, ಇವೇ ನನ್ನ ಸಾಹಿತ್ಯ! ಆದರೆ ಪ್ರೂಫ್ ನೋಡುವವನು ಪ್ರತಿ ಅಕ್ಷರವನ್ನೂ ಓದಲೇಬೇಕು. ಆ ಹಕ್ಕಿನಿಂದ ಎರಡು ಮಾತು.

ಇತ್ತೀಚೆಗೆ ಪೇಟೆಯ ಕಾಲೇಜು ಹುಡುಗನೊಬ್ಬ ತಾನು ಬರೆದ ಕಾದಂಬರಿ ತಂದ. ಹದಿಹರೆಯದವರಿಗಾಗಿ ಅಡಗೂಲಜ್ಜಿ ಕಥೆಯ ಧಾಟಿಯಲ್ಲಿ ಬರೆದ ಭಯಾನಕ ಕಥೆ. ಕನ್ನಡದಲ್ಲಿ ಇಂಥದ್ದೊಂದು ಬರುತ್ತಿದೆಯಲ್ಲ ಎಂಬ ಖುಷಿಯಲ್ಲಿ ಓದಲು ಕುಳಿತೆ. ನಿರಾಸೆಯಾಯಿತು.

ಕಥೆ ನಡೆಯುವುದು ಹಿಮ ಬೀಳುವ ಕಾಡಿನಲ್ಲಿ. ಹಿಮವನ್ನು ಅವನೂ ಕಂಡಿಲ್ಲ, ನಾನೂ ಕಂಡಿಲ್ಲ. ಮೂರನೇ ಪುಟಕ್ಕೇ ಪಿಶಾಚಿ ಹಾಜರು. ಆಮೇಲೆ ಪುಟಪುಟಕ್ಕೂ ರಕ್ತ. ನಾಯಕಿ ಚೀರುತ್ತಾಳೆ, ಓಡುತ್ತಾಳೆ. ತಾನಾಗಿ ಒಂದು ತೀರ್ಮಾನವನ್ನೂ ಮಾಡುವುದಿಲ್ಲ. ಸಂಭಾಷಣೆಯೋ, ಇಂಗ್ಲಿಷ್ ಸಿನಿಮಾದ ಡಬ್ಬಿಂಗ್! ಕೇಳಿದರೆ, “ನಮ್ಮಲ್ಲಿ ಇಂಥ ಕಥೆ ಎಲ್ಲಿದೆ ಅಣ್ಣ?” ಎಂದ. ಕಾದಂಬರಿಗಿಂತ ಈ ಪ್ರಶ್ನೆಯೇ ನನ್ನನ್ನು ಹೆಚ್ಚು ಹೆದರಿಸಿತು.

ಎಲ್ಲಿದೆಯೇ? ಇಲ್ಲೇ ಪಕ್ಕದ ಉಪ್ಪಿನಕುದ್ರುವಿನಲ್ಲಿ ಕೊಗ್ಗ ಕಾಮತರ ಮನೆತನ ತಲೆಮಾರುಗಳಿಂದ ಯಕ್ಷಗಾನದ ಸೂತ್ರದ ಗೊಂಬೆ ಆಡಿಸುತ್ತ ಬಂದಿದೆ. ನಮ್ಮ ಬಯಲಾಟ ನೋಡಿ. ರಾಕ್ಷಸನ ಬಣ್ಣದ ವೇಷ ಬಂದ ಕೂಡಲೇ ಮುಖ ತೋರಿಸುವುದಿಲ್ಲ. ಮೊದಲು ತೆರೆಯ ಹಿಂದೆ ಆರ್ಭಟ. ಚೆಂಡೆ ಏರುತ್ತದೆ. ತೆರೆ ಸರಿಯುವ ಹೊತ್ತಿಗೆ ಮುಂದೆ ಕುಳಿತ ಮಕ್ಕಳು ಅಮ್ಮನ ಸೆರಗಿನೊಳಗೆ! ಕಾಯಿಸಿದರೇ ಭಯ.

ಇನ್ನು ಕಥೆಗೆ ಬರೋಣ. ಎ.ಕೆ. ರಾಮಾನುಜನ್ ಕನ್ನಡದ ಮನೆಮನೆಯ ಕಥೆಗಳನ್ನು ಸಂಗ್ರಹಿಸಿದರು. ಅದರಲ್ಲಿ ಹಂಚಿ ಎಂಬವಳ ಕಥೆ ಇದೆ. ತಂಗಿಯ ಬಂಗಾರದ ಕೂದಲು ಕಂಡ ಅಣ್ಣ, ಅವಳನ್ನೇ ಮದುವೆಯಾಗುತ್ತೇನೆಂದು ಹಟ ಹಿಡಿಯುತ್ತಾನೆ. ತಾಯಿ ಮಗಳ ಮುಖಕ್ಕೆ ಮಣ್ಣಿನ ಮುಖವಾಡ ತೊಡಿಸಿ ಮನೆಯಿಂದಲೇ ಕಳಿಸಿಬಿಡುತ್ತಾಳೆ. ಇನ್ನೊಂದರಲ್ಲಿ ಹುಡುಗಿಯೊಬ್ಬಳು ಹೂವಿನ ಮರವಾಗುತ್ತಾಳೆ. ನಾದಿನಿಯ ಗುಂಪು ರೆಂಬೆ ಮುರಿಯುತ್ತದೆ. ಕೈಕಾಲಿಲ್ಲದ ಅರ್ಧ ದೇಹ ಉಳಿಯುತ್ತದೆ. ಇಲ್ಲಿ ಹೆದರಿಸಲು ಪಿಶಾಚಿ ಬೇಕಿಲ್ಲ, ಮನೆಯವರೇ ಸಾಕು! ಈ ಹೂಮರದ ಕಥೆಯನ್ನು ಅಮೆರಿಕದ ಜಾನ್ ಆಡಮ್ಸ್ 2006ರಲ್ಲಿ ವಿಯೆನ್ನಾದಲ್ಲಿ ಒಪೆರಾ ಆಗಿ ರಂಗಕ್ಕೆ ತಂದರು. ಕಾರ್ನಾಡರ ‘ನಾಗಮಂಡಲ’ಕ್ಕೂ ರಾಮಾನುಜನ್ ಹೇಳಿದ ಜಾನಪದ ಕಥೆಗಳೇ ಬೇರು. ಹೊರಗಿನವರಿಗೆ ಬೇಕಾದ ನಮ್ಮ ಕತ್ತಲು ನಮಗೇ ಬೇಡವಾಯಿತೇ?

ಹೊರಗಿನದನ್ನು ಓದಬೇಡಿ ಎನ್ನುತ್ತಿಲ್ಲ. ಓದಿ! ಆದರೆ ಅವರು ಮಾಡಿದ್ದನ್ನು ಗಮನಿಸಿ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ತಮ್ಮ ಕಥೆಗಳ ಮೊದಲ ಸಂಪುಟ ಹೊರತಂದಾಗ ಅವರಿದ್ದ ಕಾಸೆಲ್ ನಗರ ಫ್ರೆಂಚರ ಹಿಡಿತದಲ್ಲಿತ್ತು. ಪರರ ಆಳ್ವಿಕೆಯಲ್ಲೂ ಅವರು ತಮ್ಮ ಜನರ ಬಾಯಿಮಾತನ್ನು ಕೂಡಿಟ್ಟರು. ಆ ಮುದ್ರಣದಲ್ಲಿ ಸ್ನೋ ವೈಟ್‌ಳನ್ನು ಕೊಲ್ಲಿಸಹೊರಟವಳು ಹೆತ್ತ ತಾಯಿಯೇ. 1819ರ ಮುದ್ರಣದಲ್ಲಿ ಅವಳು ಮಲತಾಯಿಯಾದಳು. ಆ ಹಿಮ ಅವರ ಅಂಗಳದ ಹಿಮ. ನಮ್ಮ ಹುಡುಗರು ಹಿಮವನ್ನಷ್ಟೇ ಹೊತ್ತು ತಂದರು, ಅಂಗಳವನ್ನು ಮರೆತರು.

ಆದ್ದರಿಂದ ಗೆಳೆಯರೇ, ಆಸಾಡಿ ಮಳೆಯಲ್ಲಿ ಕರೆಂಟು ಹೋದ ರಾತ್ರಿಯನ್ನು ಬರೆಯಿರಿ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಅರ್ಧಕ್ಕೆ ನಿಂತ ಲಿಫ್ಟನ್ನು ಬರೆಯಿರಿ. ಪಾತ್ರಗಳು ಕುಂದಾಪ್ರ ಕನ್ನಡದಲ್ಲೇ ಕಿರುಚಲಿ! ಮೊದಲು ಮನೆಯ ಅಜ್ಜಿಯನ್ನು ಕೇಳಿ. ಅವಳು ಕಣ್ಣು ಮುಚ್ಚಿದರೆ ಆ ಕಥೆಯ ಎರಡನೇ ಪ್ರತಿ ಯಾವ ಅಚ್ಚುಕೂಟದಲ್ಲೂ ಸಿಗುವುದಿಲ್ಲ.